ಮಗನ ಸ್ಪೀಚ್ ರಿಪೋರ್ಟ್ ಕೈಗೆ ಬಂದಿದೆ, ಈಗ ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ 2 ವರ್ಷ 9 ತಿಂಗಳು. ಏಳೆಂಟು ಪದ ಬಿಟ್ಟರೆ ಮಾತಿಲ್ಲ. ಹೋದ ವಾರ ಸ್ಪೀಚ್ ಅಸೆಸ್‌ಮೆಂಟ್ ಮಾಡಿಸಿದೆವು. ಅರ್ಥ ಮಾಡಿಕೊಳ್ಳುವ ಭಾಷೆಯ ವಯಸ್ಸು 24ರಿಂದ 27 ತಿಂಗಳು, ಮಾತಾಡುವ ಭಾಷೆಯ ವಯಸ್ಸು 14ರಿಂದ 16 ತಿಂಗಳು ಅಂತ ಬರೆದಿದ್ದಾರೆ. ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಇಲ್ಲ. ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ, ಸುಮ್ನೆ ಇರು ಅಂತಾರೆ ಅತ್ತೆ. ಮನೆಯಲ್ಲಿ ಕನ್ನಡ, ಕೆಳಗಿನ ಮನೆಯವರ ಜೊತೆ ತಮಿಳು, ಪ್ಲೇ ಹೋಮ್‌ನಲ್ಲಿ ಇಂಗ್ಲಿಷ್. ಎಲ್ಲ ಬಿಟ್ಟು ಇಂಗ್ಲಿಷ್ ಒಂದೇ ಮಾತಾಡಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ನಾನು ಕೆಲಸಕ್ಕೆ ಹೋಗಿದ್ದರಿಂದಲೇ ಹೀಗಾಯಿತಾ? ಈಗ ಏನು ಮಾಡಲಿ?
– ರಾಜಾಜಿನಗರದ ಒಬ್ಬ ತಾಯಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗಿಂತ ಒಂದು ಹಿಂದಿನದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಇಲ್ಲ. ನೀವು ಕೆಲಸಕ್ಕೆ ಹೋಗಿದ್ದರಿಂದ ಹೀಗಾಗಿಲ್ಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಬಸ್ಸು, ಮೆಟ್ರೊ ಹತ್ತುತ್ತಾರೆ. ಅವರ ಮಕ್ಕಳು ಮಾತಾಡುತ್ತಾರೆ. ಮಾತು ತಡವಾಗುವುದು ಎಷ್ಟೋ ಕುಟುಂಬಗಳಲ್ಲಿ ತಲೆಮಾರಿನಿಂದ ಬರುತ್ತದೆ, ಗಂಡು ಮಕ್ಕಳಲ್ಲಿ ಸ್ವಲ್ಪ ಜಾಸ್ತಿ. ಅಷ್ಟರ ಮಟ್ಟಿಗೆ ನಿಮ್ಮ ಅತ್ತೆ ಹೇಳಿದ್ದು ನಿಜ. 'ಸುಮ್ನೆ ಇರು' ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಮಗಳಿಗೂ ಎರಡೂವರೆ ವರ್ಷಕ್ಕೆ ಇಂಥದ್ದೇ ರಿಪೋರ್ಟ್ ಬಂದಿತ್ತು. ಎರಡು ಹಾಳೆ, ಕೊನೆಯಲ್ಲಿ ಸಹಿ, ಸೀಲು. ಐದು ನಿಮಿಷದಲ್ಲಿ ವಿವರಿಸಿ ಕಳಿಸಿದರು. ಆಟೋದಲ್ಲಿ ವಾಪಸ್ ಬರುವಾಗ ಸಿಗ್ನಲ್‌ನಲ್ಲಿ ಒಂದು ಹಸು ನಿಂತಿತ್ತು. ಮಗಳು ಕೈ ತೋರಿಸಿ 'ಅಂಬಾ' ಅಂದಳು. ತಿಂಗಳುಗಳಿಂದ ಅನ್ನುತ್ತಲೇ ಇದ್ದಳು. ಆದರೆ ಒಂದು ಗಂಟೆ ಮುಂಚೆ 'ಎಷ್ಟು ಪದ ಹೇಳ್ತಾಳೆ' ಅಂತ ಕೇಳಿದಾಗ ನಾನು 'ಅಮ್ಮ, ಅಪ್ಪ, ಬೇಡ, ಅಷ್ಟೇ' ಅಂದಿದ್ದೆ. ಅಂಬಾ ಅನ್ನುವುದು ಪದ ಅಂತ ನನಗೆ ಗೊತ್ತೇ ಇರಲಿಲ್ಲ.

ಅದು ಪದವೇ. ಹಸುವನ್ನು ಕಂಡಾಗಲೆಲ್ಲ ಮಗು ಅದನ್ನೇ ಹೇಳಿದರೆ ಲೆಕ್ಕಕ್ಕೆ ಬರುತ್ತದೆ. ಬೌಬೌ, ತಾಚಿ, ಮಮ್ಮು ಎಲ್ಲವೂ ಬರುತ್ತವೆ. ಬಸ್ಸಿಗೆ 'ಬಚ್' ಅಂದರೂ ಬರುತ್ತದೆ. ಕೆಳಗಿನ ಮನೆಯಲ್ಲಿ ತಮಿಳಿನ 'ವಾ' (ಬಾ) ಅಂದರೆ ಅದೂ ಒಂದು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇಷ್ಟು ಚಿಕ್ಕ ಮಕ್ಕಳ ಭಾಷಾ ವಯಸ್ಸನ್ನು ಹೆಚ್ಚಾಗಿ ತಂದೆತಾಯಿಯನ್ನು ಕೇಳಿಯೇ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಜಾಸ್ತಿ ಬಳಸುವ 'ರೀಲ್ಸ್' ಅನ್ನುವ ಅಳತೆಪಟ್ಟಿ ಹೀಗೇ ನಡೆಯುತ್ತದೆ. ಹುಟ್ಟಿನಿಂದ ಮೂರು ವರ್ಷದವರೆಗೆ, ತಿಂಗಳುಗಳ ಗುಂಪಿನಲ್ಲಿ ಪ್ರಶ್ನೆಗಳಿರುತ್ತವೆ. ನಿಮ್ಮ ರಿಪೋರ್ಟ್‌ನಲ್ಲಿ '24ರಿಂದ 27', '14ರಿಂದ 16' ಅಂತ ಬಂದಿರುವುದು ಹಾಗೇ ಇರಬೇಕು. ಕೇಳಿದ ಆ ಅರ್ಧ ಗಂಟೆಯಲ್ಲಿ ನಿಮಗೆ ನೆನಪಾಗದೇ ಇದ್ದದ್ದು ಲೆಕ್ಕಕ್ಕೆ ಸಿಕ್ಕಿರುವುದಿಲ್ಲ. ಹಾಗಂತ ರಿಪೋರ್ಟ್ ಸುಳ್ಳು ಅಂತಲ್ಲ. ನಾನು ಆಮೇಲೆ ಹೋಗಿ ಹೇಳಿದ ಪದಗಳಿಂದ ಮಗಳ ವಯಸ್ಸಿನ ಅಂಕಿ ಸ್ವಲ್ಪ ಮೇಲೆ ಹೋಯಿತು, ಥೆರಪಿ ಬೇಕಾಗಿದ್ದೇನೂ ತಪ್ಪಲಿಲ್ಲ.

ಈಗ ಆ ಎರಡು ಅಂಕಿಗಳನ್ನು ನೋಡೋಣ. 14ರಿಂದ 16 ತಿಂಗಳು ಅಂದರೆ ನಿಮ್ಮ ಮಗನ ಬುದ್ಧಿ ಅಷ್ಟೇ ಬೆಳೆದಿದೆ ಅಂತ ಅರ್ಥವಲ್ಲ. ಬಾಯಿಂದ ಬರುವ ಮಾತು ಮಾತ್ರ ಆ ಹಂತದಲ್ಲಿದೆ. ಚಪ್ಪಲಿ ತಗೊಂಡು ಬಾ ಅಂದರೆ ತರುತ್ತಾನಾ? ಅಜ್ಜಿ ಎಲ್ಲಿ ಅಂದರೆ ತಿರುಗಿ ನೋಡುತ್ತಾನಾ? ಆ ಅರ್ಥ ಮಾಡಿಕೊಳ್ಳುವ ಭಾಗವೇ 24ರಿಂದ 27. ಮಾತಿಗಿಂತ ಅರ್ಥ ಇಷ್ಟು ಮುಂದೆ ಇರುವುದು ಒಳ್ಳೆಯ ಸೂಚನೆ. ಇಂಥ ಮಕ್ಕಳು ಮಾತು ಕೂಡಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಅವನ ವಯಸ್ಸು 33 ತಿಂಗಳು. ಅರ್ಥ ಮಾಡಿಕೊಳ್ಳುವುದೂ ಸ್ವಲ್ಪ ಹಿಂದೆ ಇದೆ. ಅದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲು ನನಗೆ ಇಷ್ಟವಿಲ್ಲ.

ಅದಕ್ಕೇ ಮೊದಲು ಕಿವಿ. ಹಿಯರಿಂಗ್ ಟೆಸ್ಟ್ ಆಗಿಲ್ಲದಿದ್ದರೆ ಥೆರಪಿಗಿಂತ ಮುಂಚೆ ಅದನ್ನು ಮಾಡಿಸಿ. 'ಅವನಿಗೆ ಚೆನ್ನಾಗಿ ಕೇಳುತ್ತೆ, ಚಾಕಲೇಟ್ ಕವರ್ ಸದ್ದಿಗೆ ಓಡಿ ಬರ್ತಾನೆ' ಅಂತ ನಾವೆಲ್ಲ ಹೇಳುತ್ತೇವೆ. ಕವರ್ ಸದ್ದು ಕೇಳುವುದೇ ಬೇರೆ, ಸ, ಶ, ತ, ಕ ಬೇರೆ ಬೇರೆಯಾಗಿ ಕೇಳುವುದೇ ಬೇರೆ. ಪದೇ ಪದೇ ನೆಗಡಿ ಆಗುವ ಮಕ್ಕಳಿಗೆ ಕೆಲವೊಮ್ಮೆ ಕಿವಿಯ ತಮಟೆಯ ಹಿಂದೆ ನೀರು ತುಂಬಿಕೊಳ್ಳುತ್ತದೆ. ನೋವಿರುವುದಿಲ್ಲ, ಸೋರುವುದೂ ಇಲ್ಲ. ನೀರಲ್ಲಿ ತಲೆ ಮುಳುಗಿಸಿಕೊಂಡು ಮಾತು ಕೇಳಿದ ಹಾಗೆ ಇರುತ್ತದೆ ಅಷ್ಟೇ. ಹುಟ್ಟಿದಾಗ ಟೆಸ್ಟ್ ಪಾಸಾಗಿದ್ದರೂ ಇದು ಆಮೇಲೆ ಬರಬಹುದು. ಒ.ಎ.ಇ. ಅನ್ನುವ ಟೆಸ್ಟ್‌ನಲ್ಲಿ ಕಿವಿಗೆ ಪುಟ್ಟ ಬಿರಡೆ ಇಡುತ್ತಾರೆ, ಮಗು ಅಲ್ಲಾಡದೆ ಕೂತರೆ ಕೆಲವೇ ನಿಮಿಷ. ಸದ್ದು ಕಿವಿಯಿಂದ ಮಿದುಳಿಗೆ ತಲುಪುತ್ತದಾ ಅಂತ ನೋಡುವ ಬೆರಾ ಟೆಸ್ಟ್ ಮಗು ಮಲಗಿದ್ದಾಗ ಮಾಡುವಂಥದ್ದು. ಮಧ್ಯಾಹ್ನದ ನಿದ್ದೆಯ ಹೊತ್ತಿಗೇ ಅಪಾಯಿಂಟ್‌ಮೆಂಟ್ ಕೇಳಿ, ದಾರಿಯಲ್ಲಿ ಮಲಗಲು ಬಿಡಬೇಡಿ.

ಇನ್ನೊಂದು ಮಾತನ್ನು ನೇರವಾಗಿ ಕೇಳುತ್ತೇನೆ. ಮೊದಲು ಹೇಳುತ್ತಿದ್ದ ಪದಗಳನ್ನು ಬಿಟ್ಟುಬಿಟ್ಟಿದ್ದಾನಾ? ಹೆಸರು ಕರೆದರೆ ತಿರುಗುವುದಿಲ್ಲವಾ? ಬೇಕಾದ್ದನ್ನು ಬೆರಳಲ್ಲಿ ತೋರಿಸುವುದಿಲ್ಲವಾ? ಒಂದಕ್ಕಾದರೂ ಉತ್ತರ ಹೌದು ಅಂತಾದರೆ ಸ್ಪೀಚ್ ಥೆರಪಿಸ್ಟ್ ಒಬ್ಬರೇ ಸಾಲದು. ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರ್ ಹತ್ತಿರ ಬೇಗ ಹೋಗಿ. ರಿಪೋರ್ಟ್‌ನಲ್ಲಿ 'ಪ್ರಾವಿಷನಲ್ ಡಯಾಗ್ನೋಸಿಸ್' ಅಂತ ಇದ್ದರೆ, ಸದ್ಯಕ್ಕೆ ಕಂಡಿದ್ದು ಇದು, ಮುಂದೆ ಬದಲಾಗಬಹುದು ಅಂತ ಅರ್ಥ. 'ರೂಲ್ ಔಟ್' ಅಂತ ಇದ್ದರೆ, ಅದು ಇದೆಯೋ ಇಲ್ಲವೋ ಇನ್ನೂ ನೋಡಬೇಕು ಅಂತ. ಈ ಎರಡು ಪದ ನೋಡಿ ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕಿ ಅತ್ತವರನ್ನು ನಾನು ಬಲ್ಲೆ.

ಈಗ ಭಾಷೆಯ ವಿಷಯ. ದಯವಿಟ್ಟು ಕನ್ನಡ ಬಿಡಬೇಡಿ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಹಾಗಾಗುವುದಿದ್ದರೆ ಬೆಂಗಳೂರಿನಲ್ಲಿ ಯಾವ ಮಗುವೂ ಹೊತ್ತಿಗೆ ಮಾತಾಡುತ್ತಿರಲಿಲ್ಲ, ಅಲ್ವಾ? ನೀವು ಕೆಲಸಕ್ಕೆ ಹೋದಾಗ ಮನೆಯಲ್ಲಿ ಅವನ ಜೊತೆ ಇರುವವರು ಅಜ್ಜಿಯೇ ಇರಬೇಕು. ಅವರಿಗೆ ನಿರಾಯಾಸವಾಗಿ ಬರುವುದು ಕನ್ನಡ. ಇಂಗ್ಲಿಷ್ ಒಂದೇ ಸಾಕು ಅಂದ ದಿನ ಅಜ್ಜಿ ಮಾತು ಕಮ್ಮಿ ಮಾಡುತ್ತಾರೆ. ಮಗುವಿಗೆ ಅದಕ್ಕಿಂತ ನಷ್ಟ ಬೇರೆ ಇಲ್ಲ. ಥೆರಪಿಸ್ಟೇ ಹಾಗೆ ಹೇಳಿದರೂ, ಯಾಕೆ ಅಂತ ಕೇಳಿ. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಸೇರಿಸಿಯೇ ಎಣಿಸಬೇಕು.

ಕನ್ನಡದಲ್ಲಿ ಇನ್ನೊಂದು ವಿಶೇಷ ಇದೆ. ಎರಡು ವರ್ಷಕ್ಕೆ ಎರಡು ಪದ ಜೋಡಿಸಬೇಕು ಅಂತ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ಆದರೆ ನಮ್ಮ ಭಾಷೆಯಲ್ಲಿ ಪದದ ಬಾಲಕ್ಕೇ ಅರ್ಧ ಕೆಲಸ. 'ಅಜ್ಜಿ' ಅನ್ನುತ್ತಿದ್ದ ಮಗು ಒಂದು ದಿನ 'ಅಜ್ಜಿಗೆ' ಅಂದರೆ, 'ಬಾ' ಅನ್ನುತ್ತಿದ್ದದ್ದು 'ಬಂದೆ' ಅಂದರೆ ಅದು ದೊಡ್ಡ ಹೆಜ್ಜೆ. ಅಂಥದ್ದನ್ನು ಬರೆದಿಡಿ. ಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದ್ದೇ ಇರುತ್ತದೆ. ಹಾಲಿನ ಲೆಕ್ಕ ಬರೆಯುವ ಹಾಗೆ ಆಯಾ ದಿನದ ಚೌಕದಲ್ಲಿ ಹೊಸ ಪದ ಬರೆಯಿರಿ. ಬರೆಯುವ ಕೆಲಸ ಅತ್ತೆಗೆ ಕೊಡಿ. 'ಸುಮ್ನೆ ಇರು' ಅನ್ನುವವರ ಜೊತೆ ವಾದ ಮಾಡುವುದಕ್ಕಿಂತ ಅವರ ಕೈಗೆ ಪೆನ್ನು ಕೊಡುವುದು ವಾಸಿ ಅಂತ ನನ್ನ ಅನುಭವ.

ಸುಮ್ಮನೆ ಇರಬಾರದು ಅಂತ ನಾನು ಹೇಳುವುದಕ್ಕೆ ಕಾರಣ ಇದು. ತಡವಾಗಿ ಮಾತಾಡುವ ಮಕ್ಕಳಲ್ಲಿ ಎಷ್ಟೋ ಜನ ತಾವಾಗಿಯೇ ಸರಿಹೋಗುತ್ತಾರೆ, ನಿಜ. ಆದರೆ ಯಾವ ಮಗು ಸರಿಹೋಗುತ್ತದೆ ಅಂತ ಮೊದಲೇ ಹೇಳಲು ಯಾರಿಗೂ ಆಗುವುದಿಲ್ಲ. ಎರಡು ವರ್ಷ ಒಂಬತ್ತು ತಿಂಗಳಿಗೆ ಏಳೆಂಟೇ ಪದ ಅಂದರೆ ಕಾಯುವ ಹೊತ್ತು ಮುಗಿದಿದೆ. ಅಜ್ಜಿ ಬಜೆ ತೇಯ್ದು ಹಚ್ಚಿದರೆ ಮಾತು ಬರುತ್ತದೆ ಅಂದುಕೊಂಡು ಥೆರಪಿ ಮುಂದೂಡಬೇಡಿ. ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಆ ದಾರದಿಂದ ಒಂದೆರಡು ಅಕ್ಷರದ ಉಚ್ಚಾರ ಕಷ್ಟವಾಗಬಹುದು, ಪದಗಳೇ ಬಾರದೆ ಇರುವುದಿಲ್ಲ.

ಥೆರಪಿಸ್ಟ್ ಹುಡುಕುವಾಗ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ನಂಬರ್ ಕೇಳಿ. ಕೇಳಲು ಸಂಕೋಚ ಬೇಡ. ಖಾಸಗಿ ಕ್ಲಿನಿಕ್‌ಗಳ ಫೀಸು ಭಾರವಾದರೆ ನಿಮ್ಹಾನ್ಸ್‌ನಲ್ಲಿ ಸ್ಪೀಚ್ ವಿಭಾಗ ಇದೆ, ಲಿಂಗರಾಜಪುರದ ಕಡೆ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡ ಮಕ್ಕಳ ಮಾತಿನ ಬಗ್ಗೆ ಅಲ್ಲಿ ದಶಕಗಳಿಂದ ಕೆಲಸ ನಡೆದಿದೆ. ಎರಡನೇ ಅಭಿಪ್ರಾಯ ಬೇಕು ಅನ್ನಿಸಿದರೆ ನಾನು ಅಲ್ಲಿಗೇ ಹೋಗಿ ಅನ್ನುತ್ತೇನೆ.

ವಾರಕ್ಕೆ ಎರಡು ಸಲ 45 ನಿಮಿಷದ ಥೆರಪಿ ಅಂದರೆ ಒಂದೂವರೆ ಗಂಟೆ. ಮಗು ವಾರದಲ್ಲಿ ಎಚ್ಚರವಾಗಿರುವುದು ಹತ್ತಿರ ಹತ್ತಿರ 80 ಗಂಟೆ. ಹಾಗಾಗಿ ಥೆರಪಿ ಕೋಣೆಯ ಹೊರಗೆ ಕೂತು ಫೋನ್ ನೋಡಬೇಡಿ. ಒಳಗೆ ಕೂತು ಅವರು ಏನು ಮಾಡುತ್ತಾರೆ ನೋಡಿ, ಮನೆಯಲ್ಲಿ ಅದನ್ನೇ ಮಾಡಿ. ಮೊದಲು ಬಿಡಬೇಕಾದ ಅಭ್ಯಾಸ ಒಂದಿದೆ. 'ಇದೇನು ಹೇಳು? ಬಸ್ ಅನ್ನು. ಅನ್ನೋ, ಬಸ್!' ಗಾಬರಿಯಾದಾಗ ನಾವು ಮಗುವಿಗೆ ದಿನವಿಡೀ ಪರೀಕ್ಷೆ ಇಡುತ್ತೇವೆ. ಅವನು ಬಾಯಿ ಇನ್ನೂ ಬಿಗಿ ಮಾಡುತ್ತಾನೆ. ಅದರ ಬದಲು ನೀವು ಮಾಡುತ್ತಿರುವುದನ್ನೇ ಮಾತಾಡಿ. ಕಾವಲಿ ಮೇಲೆ ದೋಸೆ ಹುಯ್ಯುವಾಗ 'ಚುಂಯ್! ದೋಸೆ. ಬಿಸಿ ದೋಸೆ. ತಿರುಗಿಸೋಣ. ಆಯ್ತು!' ಇಷ್ಟು ಸಾಕು. ಅವನು 'ನೀ' ಅಂದರೆ 'ನೀರು ಬೇಕಾ? ತಗೋ, ತಣ್ಣೀರು' ಅಂತ ಒಂದು ಪದ ಸೇರಿಸಿ ವಾಪಸ್ ಕೊಡಿ. ಬಾಳೆಹಣ್ಣು ಬೇಕಾ, ದ್ರಾಕ್ಷಿ ಬೇಕಾ ಅಂತ ಎರಡನ್ನೂ ತೋರಿಸಿ ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಕಾಯಿರಿ. ಕಾಯುವುದೇ ತುಂಬಾ ಕಷ್ಟ. ಬೆರಳು ತೋರಿಸಿದರೂ ಹಣ್ಣು ಕೊಡಿ, ಕೊಡುವಾಗ ಹೆಸರು ನೀವೇ ಹೇಳಿ. 'ಹೇಳದಿದ್ದರೆ ಕೊಡಲ್ಲ' ಅಂತ ಹಿಡಿದಿಟ್ಟುಕೊಂಡರೆ ಅಳು ಬರುತ್ತದೆ, ಮಾತು ಬರುವುದಿಲ್ಲ.

ಊಟದ ಹೊತ್ತಿನ ಮೊಬೈಲ್ ನಿಲ್ಲಿಸಿ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಮ್ಮಿಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಪರದೆ ಓಡುತ್ತಿದ್ದರೆ ಮನೆಯವರ ಮಾತೇ ಕಮ್ಮಿಯಾಗುತ್ತದೆ. ಇಲ್ಲಿಯವರೆಗೆ ಕೊಟ್ಟಿದ್ದಕ್ಕೆ ಕೊರಗುತ್ತಾ ಕೂರಬೇಡಿ. ಮೊದಲ ನಾಲ್ಕು ದಿನ ಅವನು ರಂಪ ಮಾಡುತ್ತಾನೆ, ಆಮೇಲೆ ಮರೆಯುತ್ತಾನೆ.

ಮದುವೆ ಮನೆಗೆ ಹೋದರೆ 'ಇನ್ನೂ ಮಾತಾಡಲ್ವಾ?' ಅಂತ ಕೇಳೇ ಕೇಳುತ್ತಾರೆ. ನಾನು ಮೊದಮೊದಲು ಎಲ್ಲರಿಗೂ ಪೂರ್ತಿ ಕಥೆ ಹೇಳುತ್ತಿದ್ದೆ, ಮಗಳು ಸೊಂಟದ ಮೇಲೇ ಇರುತ್ತಿದ್ದಳು. ಈಗ ನೆನೆದರೆ ಸಂಕಟವಾಗುತ್ತದೆ. ನೀವು ಹಾಗೆ ಮಾಡಬೇಡಿ. 'ಥೆರಪಿ ಮಾಡಿಸ್ತಿದ್ದೀವಿ ಆಂಟಿ, ನೀವೂ ಅವನ ಜೊತೆ ಮಾತಾಡಿ' ಅಂದು ಮಗುವನ್ನು ಅವರ ಮಡಿಲಿಗೆ ಕೊಡಿ. ರಿಪೋರ್ಟ್ ಬಗ್ಗೆ ಅವನೆದುರು ಮಾತಾಡಬೇಡಿ, ಅಳಬೇಕು ಅನ್ನಿಸಿದರೆ ಅವನು ಮಲಗಿದ ಮೇಲೆ ನಿಮ್ಮ ಯಜಮಾನರ ಹತ್ತಿರ ಕೂತು ಅಳಿ. ಅವನಿಗೆ ಅರ್ಥವಾಗುತ್ತದೆ. 24ರಿಂದ 27 ತಿಂಗಳಿನಷ್ಟು ಅರ್ಥವಾಗುತ್ತದೆ ಅಂತ ಅದೇ ರಿಪೋರ್ಟ್‌ನಲ್ಲಿ ಬರೆದಿದ್ದಾರಲ್ಲ.