ಇಂಕ್‌ಜೆಟ್ ಇಂಕಿನ ಘಟಕಗಳೆಲ್ಲ ಹಳೆಯವೇ ಆಗಿದ್ದರೆ ಪೇಟೆಂಟ್ ಸಿಗುವುದು ಹೇಗೆ?

ಓದುಗರ ಪ್ರಶ್ನೆ: ಇಂಕ್‌ಜೆಟ್ ಇಂಕಿನ ಪೇಟೆಂಟ್ ಅರ್ಜಿಯೊಂದನ್ನು ಓದಿದೆ. ನೀರು, ಪಿಗ್ಮೆಂಟ್, ಗ್ಲಿಸರಿನ್, 1,2-ಹೆಕ್ಸೇನ್‌ಡಯಾಲ್, ಒಂದಿಷ್ಟು ಸರ್ಫ್ಯಾಕ್ಟೆಂಟ್ (ಮೇಲ್ಮೈ ಎಳೆತ ಇಳಿಸುವ ಪದಾರ್ಥ). ಇದರಲ್ಲಿ ಒಂದೂ ಹೊಸದಲ್ಲ, ಶೇಕಡಾವಾರು ಅಂಕಿಗಳಷ್ಟೇ ಬೇರೆ. ಇಂಕ್ ತಯಾರಿಸುವ ಯಾರಿಗಾದರೂ ಹೊಳೆಯುವಂಥದ್ದಲ್ಲವೇ ಇದು? ಅದನ್ನು ತೀರ್ಮಾನಿಸುವುದು ಹೇಗೆ?

ಉತ್ತರ: ಘಟಕಗಳೆಲ್ಲ ಹಳೆಯವು ಎಂಬ ಮಾತು ಇಂಕ್ ಪೇಟೆಂಟುಗಳಲ್ಲಿ ಬಹುಪಾಲಿಗೆ ಅನ್ವಯಿಸುತ್ತದೆ. ಹೊಸ ಅಣುವನ್ನೇ ಮುಂದಿಡುವ ಅರ್ಜಿಗಳು ಕಡಿಮೆ. ಉಳಿದವು ಗೊತ್ತಿರುವ ಪದಾರ್ಥಗಳ ಹೊಸ ಜೋಡಣೆ. ಆದ್ದರಿಂದ ಆ ಮಾತೊಂದರಿಂದಲೇ ಅರ್ಜಿ ಬಿದ್ದುಹೋಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು. ಅರ್ಜಿಯ ಆದ್ಯತಾ ದಿನಾಂಕಕ್ಕೆ (ಆ ಆವಿಷ್ಕಾರಕ್ಕೆ ಮೊದಲ ಅರ್ಜಿ ಸಲ್ಲಿಸಿದ ದಿನಕ್ಕೆ) ಮೊದಲು ಪ್ರಕಟವಾಗಿದ್ದ ದಾಖಲೆಗಳನ್ನೆಲ್ಲ ಬಲ್ಲ ಒಬ್ಬ ಸಾಧಾರಣ ಇಂಕ್ ತಜ್ಞರಿಗೆ ಈ ಬದಲಾವಣೆ ಮಾಡಲು ಕಾರಣ ಇತ್ತೇ? ಮಾಡಿದರೆ ಫಲಿಸುತ್ತದೆ ಎಂದು ನಂಬಲು ಆಧಾರ ಇತ್ತೇ? ಎರಡಕ್ಕೂ ಹೌದು ಎಂಬ ಉತ್ತರ ದಾಖಲೆಗಳಿಂದಲೇ ಬಂದರೆ ಅದು ಸಹಜವಾಗಿ ಹೊಳೆಯುವಂಥದ್ದು. ಆಮೇಲೆ ಅರ್ಜಿದಾರರ ಕೈಯಲ್ಲಿ ಉಳಿಯುವುದು ಪ್ರಯೋಗದ ಅಂಕಿಅಂಶ ಮಾತ್ರ.

ಕಾನೂನಿನ ಮಾತುಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಪೇಟೆಂಟ್ ಕಾಯ್ದೆಯ 103ನೇ ಸೆಕ್ಷನ್ ಇದೆ, ಅದನ್ನು ಅನ್ವಯಿಸುವ ಕ್ರಮವನ್ನು 1966ರ ಗ್ರಹಾಂ ವಿರುದ್ಧ ಜಾನ್ ಡಿಯರ್ ತೀರ್ಪು ಹೇಳಿದೆ. ಯುರೋಪಿನಲ್ಲಿ ಪೇಟೆಂಟ್ ಒಪ್ಪಂದದ 56ನೇ ವಿಧಿ. ಭಾರತದಲ್ಲಿ 1970ರ ಕಾಯ್ದೆಯ ಸೆಕ್ಷನ್ 2(1)(ಜೆಎ), ಜೊತೆಗೆ ಮಿಶ್ರಣಗಳಿಗೆಂದೇ ಇರುವ ಸೆಕ್ಷನ್ 3(ಇ). ಆದರೆ ಮೇಜಿನ ಮುಂದೆ ಕೂತು ಮಾಡುವ ಕೆಲಸ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಕ್ಲೇಮಿನ ಯಾವ ಅಂಕಿಗೆ ತೂಕವಿದೆ?

ಅರ್ಜಿಯ ವಿವರಣೆಯನ್ನಲ್ಲ, ಮೊದಲನೇ ಕ್ಲೇಮನ್ನು, ಎಂದರೆ ಅರ್ಜಿದಾರರು ಯಾವುದಕ್ಕೆ ಹಕ್ಕು ಕೇಳುತ್ತಿದ್ದಾರೆ ಎಂದು ಹೇಳುವ ವಾಕ್ಯವನ್ನು ಓದಿ. ಉದಾಹರಣೆಗೆ ಹೀಗಿದೆ ಎಂದುಕೊಳ್ಳೋಣ: ತೂಕದ ಲೆಕ್ಕದಲ್ಲಿ ಪಾಲಿಮರ್‌ನಿಂದ ಚದುರಿಸಿದ ಪಿಗ್ಮೆಂಟ್ ಶೇ 3ರಿಂದ 6, ಗ್ಲಿಸರಿನ್ ಶೇ 5ರಿಂದ 15, 1,2-ಹೆಕ್ಸೇನ್‌ಡಯಾಲ್ ಶೇ 2ರಿಂದ 8, ಅಸಿಟಿಲೀನ್ ಡಯಾಲ್ ಸರ್ಫ್ಯಾಕ್ಟೆಂಟ್ ಶೇ 0.1ರಿಂದ 1, ಉಳಿದದ್ದು ನೀರು. 25 ಡಿಗ್ರಿಯಲ್ಲಿ ಸ್ನಿಗ್ಧತೆ 3ರಿಂದ 6 ಮಿಲಿಪಾಸ್ಕಲ್ ಸೆಕೆಂಡ್, ಮೇಲ್ಮೈ ಎಳೆತ ಮೀಟರಿಗೆ 28ರಿಂದ 34 ಮಿಲಿನ್ಯೂಟನ್.

ಕೊನೆಯ ಎರಡು ಅಂಕಿಗಳು ನೋಡಲು ಗಂಭೀರ, ಆದರೆ ತೂಕ ಕಡಿಮೆ. 25 ಡಿಗ್ರಿಯಲ್ಲಿ ಬರಿ ನೀರಿನ ಸ್ನಿಗ್ಧತೆ ಸುಮಾರು 0.89, ಮೇಲ್ಮೈ ಎಳೆತ 72. ಅದು ಹಾಗೆಯೇ ನಾಝಲ್‌ನಿಂದ (ಇಂಕು ಚಿಮ್ಮುವ ಸಣ್ಣ ರಂಧ್ರದಿಂದ) ಸರಿಯಾದ ಹನಿಯಾಗಿ ಹೊರಡುವುದಿಲ್ಲ. ಸ್ನಿಗ್ಧತೆ ಹೆಚ್ಚಾದರೆ ಒಂದು ಹನಿ ಹೋದ ಮೇಲೆ ನಾಝಲ್ ಹಿಂದಿನ ಇಂಕಿನ ಕೋಣೆ ಮತ್ತೆ ತುಂಬುವುದು ತಡವಾಗಿ ಮುದ್ರಣದ ವೇಗ ಇಳಿಯುತ್ತದೆ. ಮೇಲ್ಮೈ ಎಳೆತ ತೀರ ಕಡಿಮೆಯಾದರೆ ಇಂಕು ನಾಝಲ್ ತಟ್ಟೆಯ ಮೇಲೆ ಹರಡಿ ಹನಿಗಳು ಓರೆಯಾಗಿ ಬೀಳುತ್ತವೆ. ತೀರ ಹೆಚ್ಚಾದರೆ ಒಳಗಿನ ಕಾಲುವೆಗಳು ಒದ್ದೆಯಾಗದೆ ಗಾಳಿಗುಳ್ಳೆ ಉಳಿಯುತ್ತದೆ, ಕಾಗದದಲ್ಲಿ ಇಂಗುವುದೂ ನಿಧಾನ.

ಇದನ್ನು ಅಳೆಯಲು ಈ ಕ್ಷೇತ್ರದವರೆಲ್ಲ ಬಳಸುವ ಒಂದು ಲೆಕ್ಕವಿದೆ: ಮೇಲ್ಮೈ ಎಳೆತ, ಸಾಂದ್ರತೆ, ನಾಝಲ್ ವ್ಯಾಸ ಈ ಮೂರನ್ನು ಗುಣಿಸಿ, ವರ್ಗಮೂಲ ತೆಗೆದು, ಸ್ನಿಗ್ಧತೆಯಿಂದ ಭಾಗಿಸುವುದು. ಉತ್ತರ ಸುಮಾರು 1ರಿಂದ 10ರ ನಡುವೆ ಬಂದರೆ ಹನಿ ಸ್ಥಿರ. ಎಳೆತ 30 ಮಿಲಿನ್ಯೂಟನ್, ಸಾಂದ್ರತೆ ಘನಮೀಟರಿಗೆ 1050 ಕಿಲೋ, ನಾಝಲ್ 25 ಮೈಕ್ರಾನ್, ಸ್ನಿಗ್ಧತೆ 4 ಎಂದಿಟ್ಟರೆ ಉತ್ತರ 7. ಸ್ನಿಗ್ಧತೆ 2ಕ್ಕೆ ಇಳಿದರೆ 14, ಆಗ ಮುಖ್ಯ ಹನಿಯ ಹಿಂದೆ ಉಪಹನಿಗಳು ಹೊರಡುತ್ತವೆ. ಎಂದರೆ ಕ್ಲೇಮಿನ ಆ ಎರಡು ಅಂಕಿಗಳು ‘ಈ ಇಂಕು ಮುದ್ರಣಕ್ಕೆ ಬರುತ್ತದೆ’ ಎಂಬುದಕ್ಕಿಂತ ಹೆಚ್ಚೇನೂ ಹೇಳುತ್ತಿಲ್ಲ.

ಹಳೆಯ ದಾಖಲೆಯಲ್ಲಿ ಸ್ನಿಗ್ಧತೆಯ ಅಂಕಿಯೇ ಇಲ್ಲದಿದ್ದರೂ ನಿರಾಶೆ ಬೇಡ. ಅದರಲ್ಲಿನ ಉದಾಹರಣೆಯನ್ನು ಬರೆದಂತೆಯೇ ತಯಾರಿಸಿ ಅಳೆಯಿರಿ. ಅಂಕಿ ಕ್ಲೇಮಿನ ಮಿತಿಯೊಳಗೇ ಬಂದರೆ ಆ ಗುಣ ಹಳೆಯ ಇಂಕಿನಲ್ಲೇ ಇತ್ತು, ಯಾರೂ ಅಳೆದು ಬರೆದಿರಲಿಲ್ಲ ಅಷ್ಟೇ.

ಹತ್ತಿರದ ದಾಖಲೆ ಹುಡುಕುವುದು

ಇಂಕ್‌ಜೆಟ್ ಇಂಕುಗಳ ಪೇಟೆಂಟ್ ವರ್ಗೀಕರಣ ಸಿ09ಡಿ 11/30. ಅದರಡಿ ಪಿಗ್ಮೆಂಟ್ ಇಂಕುಗಳಿಗೆ 11/322, ಡೈ ಇಂಕುಗಳಿಗೆ 11/328, ಸರ್ಫ್ಯಾಕ್ಟೆಂಟಿನಂಥ ಸಣ್ಣ ಅಣುವಿನ ಸೇರ್ಪಡೆಗಳಿಗೆ 11/38. ಹೆಸರಿನಿಂದ ಹುಡುಕಿದರೆ ಅರ್ಧ ತಪ್ಪಿಹೋಗುತ್ತವೆ, ಏಕೆಂದರೆ ಒಂದೇ ದ್ರಾವಕಕ್ಕೆ ನಾಲ್ಕು ಹೆಸರುಗಳಿರುತ್ತವೆ. ಪ್ರತಿ ರಾಸಾಯನಿಕಕ್ಕೂ ಕೊಟ್ಟಿರುವ ಗುರುತಿನ ಸಂಖ್ಯೆಯಾದ ಸಿಎಎಸ್ ಸಂಖ್ಯೆಯನ್ನೂ ಸೇರಿಸಿ: 1,2-ಹೆಕ್ಸೇನ್‌ಡಯಾಲಿಗೆ 6920-22-5, ಟ್ರೈಎಥಿಲೀನ್ ಗ್ಲೈಕಾಲ್ ಮಾನೋಬ್ಯುಟೈಲ್ ಈಥರಿಗೆ 143-22-6, ಗ್ಲಿಸರಿನ್‌ಗೆ 56-81-5. ಇಂಕ್ ಕಂಪನಿಗಳ ಸುರಕ್ಷತಾ ಮಾಹಿತಿ ಪತ್ರಗಳೂ ದಾಖಲೆಗಳೇ. ಆದ್ಯತಾ ದಿನಾಂಕಕ್ಕೆ ಮೊದಲೇ ಸಾರ್ವಜನಿಕವಾಗಿದ್ದವು ಎಂದು ತೋರಿಸಬೇಕು, ಪತ್ರದ ಮೇಲೆ ಮುದ್ರಿಸಿದ ತಾರೀಖು ಒಂದೇ ಸಾಲದೇ ಹೋಗಬಹುದು.

ಸಿಕ್ಕಿದ್ದರಲ್ಲಿ ಆರಿಸಬೇಕಾದದ್ದು ಘಟಕಗಳ ಉದ್ದ ಪಟ್ಟಿಯಿರುವ ದಾಖಲೆಯನ್ನಲ್ಲ, ಕ್ಲೇಮಿಗೆ ಅತಿ ಹತ್ತಿರದ ತಯಾರಾದ ಉದಾಹರಣೆ ಇರುವುದನ್ನು. 40 ಸರ್ಫ್ಯಾಕ್ಟೆಂಟ್, 25 ದ್ರಾವಕ, 15 ಪಾಲಿಮರ್‌ಗಳ ಪಟ್ಟಿ ಕೊಟ್ಟ ದಾಖಲೆಯಲ್ಲಿ 15,000 ಜೋಡಣೆಗಳು ಅಡಗಿವೆ. ಅವುಗಳಲ್ಲಿ ಕ್ಲೇಮಿನದ್ದೂ ಒಂದು ಎನ್ನುವುದು ಕ್ಲೇಮನ್ನು ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ಹುಡುಕುವ ತಪ್ಪು. ಅದೇ ದಾಖಲೆಯ ಒಂದು ಉದಾಹರಣೆಯಲ್ಲಿ ಸರ್ಫ್ಯಾಕ್ಟೆಂಟೂ ಪಾಲಿಮರೂ ಆಗಲೇ ಕ್ಲೇಮಿನಂತೆ ಇದ್ದರೆ, ಬದಲಿಸಬೇಕಾದ್ದು ದ್ರಾವಕ ಒಂದೇ, ಆಯ್ಕೆಗಳು 25. ವಾದ ಆಗ ಗಟ್ಟಿಯಾಗುತ್ತದೆ.

ಒಂದು ದ್ರಾವಕದ ಬದಲು ಇನ್ನೊಂದು

ಮೊದಲ ದಾಖಲೆಯಲ್ಲಿ ಪಿಗ್ಮೆಂಟ್ ಶೇ 4, ಗ್ಲಿಸರಿನ್ ಶೇ 10, ಟ್ರೈಎಥಿಲೀನ್ ಗ್ಲೈಕಾಲ್ ಮಾನೋಬ್ಯುಟೈಲ್ ಈಥರ್ ಶೇ 6, ಅದೇ ಸರ್ಫ್ಯಾಕ್ಟೆಂಟ್ ಶೇ 0.5 ಇದೆ ಎನ್ನಿ. ಎರಡನೆಯದು ಡೈ ಇಂಕು, ಅದರಲ್ಲಿ 1,2-ಹೆಕ್ಸೇನ್‌ಡಯಾಲ್ ಶೇ 5. ಎರಡೂ ದ್ರಾವಕಗಳು ಇಂಕನ್ನು ಕಾಗದದೊಳಗೆ ಬೇಗ ಇಳಿಸಲೆಂದೇ ಹಾಕಿದವು. ಒಂದೇ ಕೆಲಸ ಮಾಡುವ ಎರಡು ಪರಿಚಿತ ಪದಾರ್ಥಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಇಡಲು ಬೇರೆ ಕಾರಣ ಬೇಕಿಲ್ಲ ಎಂಬುದು ಆಕ್ಷೇಪದ ಜೀವಾಳ. ಆಯ್ಕೆಗಳು ಕೆಲವೇ ಆಗಿದ್ದು, ಅವುಗಳ ಫಲ ಮೊದಲೇ ಊಹಿಸಬಲ್ಲದ್ದಾಗಿದ್ದರೆ ಪ್ರಯತ್ನಿಸಿ ನೋಡುವುದೇ ಸಹಜ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2007ರ ಕೆಎಸ್‌ಆರ್ ತೀರ್ಪಿನಲ್ಲಿ ಹೇಳಿದೆ.

ಆದರೆ ಈ ಆಕ್ಷೇಪ ಹೆಚ್ಚಾಗಿ ಮುರಿಯುವುದೂ ಇಲ್ಲೇ. ಡೈ ನೀರಿನಲ್ಲಿ ಕರಗಿರುತ್ತದೆ. ಪಿಗ್ಮೆಂಟ್ ಕರಗುವುದಿಲ್ಲ, ಸಾಮಾನ್ಯವಾಗಿ 200 ನ್ಯಾನೋಮೀಟರಿಗಿಂತ ಚಿಕ್ಕ ಕಣಗಳಾಗಿ, ಮೈಗೆ ಅಂಟಿದ ಪಾಲಿಮರಿನ ಆಸರೆಯಲ್ಲಿ ತೇಲುತ್ತಿರುತ್ತದೆ. ಕಾಗದದೊಳಗೆ ಇಳಿಸುವ ದ್ರಾವಕವೇ ಆ ಪಾಲಿಮರನ್ನು ಕಣದ ಮೈಯಿಂದ ಬಿಡಿಸಬಲ್ಲದು. ಬಿಟ್ಟ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಸ್ನಿಗ್ಧತೆ ಏರುತ್ತದೆ, ಫಿಲ್ಟರೂ ನಾಝಲೂ ಕಟ್ಟಿಕೊಳ್ಳುತ್ತವೆ. ಡೈ ಇಂಕಿನಲ್ಲಿ ಶೇ 5 ನಡೆಯಿತೆಂದ ಮಾತ್ರಕ್ಕೆ ಪಿಗ್ಮೆಂಟ್ ಇಂಕಿನಲ್ಲೂ ನಡೆಯುತ್ತದೆ ಎನ್ನಲಾಗದು. ಈ ಅಂತರವನ್ನು ಮುಚ್ಚಲು ಮೂರನೆಯ ದಾಖಲೆ ಬೇಕು: ಪಾಲಿಮರ್‌ನಿಂದ ಚದುರಿಸಿದ ಪಿಗ್ಮೆಂಟಿನೊಂದಿಗೆ 1,2-ಹೆಕ್ಸೇನ್‌ಡಯಾಲಿನಂಥ ಡಯಾಲ್ ಬಳಸಿ ಇಂಕು ಸ್ಥಿರವಾಗಿ ಉಳಿದದ್ದನ್ನು ತೋರಿಸುವುದು. ಅಂಥದ್ದು ಸಿಕ್ಕಿದರೆ ಆಕ್ಷೇಪ ಮತ್ತೆ ನಿಲ್ಲುತ್ತದೆ.

ಅರ್ಜಿದಾರರು ಇಲ್ಲಿ ಇನ್ನೊಂದು ಮಾತು ಎತ್ತುತ್ತಾರೆ: ಹಳೆಯ ದಾಖಲೆ ಗ್ಲೈಕಾಲ್ ಈಥರೇ ಉತ್ತಮ ಎಂದಿದೆ, ಆದ್ದರಿಂದ ಅದು ಡಯಾಲಿನಿಂದ ದೂರ ಕರೆದೊಯ್ಯುತ್ತದೆ ಎಂದು. ಈ ವಾದವನ್ನು ಸುಲಭವಾಗಿ ಒಪ್ಪಬೇಡಿ. ಒಂದನ್ನು ಉತ್ತಮ ಎನ್ನುವುದು ಬೇರೆ, ಇನ್ನೊಂದನ್ನು ಹಾಕಿದರೆ ಪಿಗ್ಮೆಂಟ್ ಗಡ್ಡೆಕಟ್ಟುತ್ತದೆ ಎಂದು ಎಚ್ಚರಿಸುವುದು ಬೇರೆ. ಎರಡನೆಯದಕ್ಕೆ ಮಾತ್ರ ಬೆಲೆ.

ಶೇಕಡಾವಾರು ಬದಲಿಸಿದರೆ ಸಾಕೇ?

ಬಹುಮಟ್ಟಿಗೆ ಸಾಲದು. ಹಳೆಯ ದಾಖಲೆ ಶೇ 1ರಿಂದ 10 ಎಂದಿದ್ದು ಕ್ಲೇಮು ಶೇ 2ರಿಂದ 8 ಎಂದರೆ, ಅಮೆರಿಕದಲ್ಲಿ ಮಿತಿಗಳು ಹೀಗೆ ಒಂದರ ಮೇಲೊಂದು ಬರುವುದೇ ಆಕ್ಷೇಪಕ್ಕೆ ಸಾಕು, ಉತ್ತರಿಸುವ ಹೊಣೆ ಅರ್ಜಿದಾರರದು. ಮಿತಿಗಳು ತಾಗದೆ ಬರೀ ಹತ್ತಿರ ಇದ್ದರೂ ಸಾಕಾದದ್ದುಂಟು. 1985ರ ಟೈಟಾನಿಯಂ ಮೆಟಲ್ಸ್ ಪ್ರಕರಣದಲ್ಲಿ ಕ್ಲೇಮಿನ ಮಿಶ್ರಲೋಹದಲ್ಲಿ ನಿಕಲ್ ಶೇ 0.8, ಮಾಲಿಬ್ಡಿನಂ ಶೇ 0.3 ಇತ್ತು. ಹಳೆಯ ಲೇಖನದಲ್ಲಿದ್ದ ಎರಡು ಲೋಹಗಳಲ್ಲಿ ಇವು ಶೇ 0.75 ಮತ್ತು 0.25, ಹಾಗೂ ಶೇ 0.94 ಮತ್ತು 0.31. ಗುಣಗಳೂ ಹಾಗೆಯೇ ಇರುತ್ತವೆ ಎಂದು ಯಾರಾದರೂ ನಿರೀಕ್ಷಿಸುವಷ್ಟು ಹತ್ತಿರ ಎಂದು ಕೋರ್ಟ್ ಹೇಳಿತು.

1955ರ ಆಲರ್ ತೀರ್ಪಿನ ತತ್ವವೂ ಇದಕ್ಕೆ ಸೇರುತ್ತದೆ: ಸಾಮಾನ್ಯ ಪರಿಸ್ಥಿತಿಗಳು ಗೊತ್ತಿರುವಾಗ ದಿನನಿತ್ಯದ ಪ್ರಯೋಗದಿಂದ ಉತ್ತಮ ಅಂಕಿಯನ್ನು ಕಂಡುಕೊಳ್ಳುವುದು ಆವಿಷ್ಕಾರವಲ್ಲ. ಆದರೆ 1977ರ ಆಂಟನಿ ತೀರ್ಪು ಅದಕ್ಕೊಂದು ಗಡಿ ಹಾಕಿತು. ಯಾವ ಅಂಶ ಫಲಿತಾಂಶವನ್ನು ಬದಲಿಸುತ್ತದೆ ಎಂದು ಮೊದಲು ಯಾರಿಗೂ ತಿಳಿದಿರಲಿಲ್ಲವೋ, ಅದನ್ನು ತಿದ್ದಿ ನೋಡುವುದು ದಿನನಿತ್ಯದ ಪ್ರಯೋಗ ಎನಿಸುವುದಿಲ್ಲ. ಇಂಕಿನಲ್ಲಿ ಇದರ ಅರ್ಥ: ಗ್ಲಿಸರಿನ್ ಹೆಚ್ಚಿಸಿದರೆ ನಾಝಲ್ ಒಣಗುವುದು ತಡವಾಗುತ್ತದೆ, ಇದು ಎಲ್ಲರಿಗೂ ಗೊತ್ತು, ಆ ಅಂಕಿಗೆ ರಕ್ಷಣೆ ಕಷ್ಟ. ಡಯಾಲಿಗೂ ಪಾಲಿಮರಿಗೂ ಇರಬೇಕಾದ ಪ್ರಮಾಣದ ಅನುಪಾತ ಇಂಕಿನ ಆಯುಷ್ಯವನ್ನು ನಿರ್ಧರಿಸುತ್ತದೆ ಎಂದು ಅರ್ಜಿ ಮೊದಲ ಬಾರಿ ತೋರಿಸಿದರೆ, ಆ ಅನುಪಾತಕ್ಕೆ ನಿಜವಾದ ಬೆಲೆಯಿದೆ. ಅಂಥ ಅರ್ಜಿಯನ್ನು ಹೀಗಳೆಯುವುದು ಸಲ್ಲದು.

ಅಂಕಿಅಂಶದ ಕೋಷ್ಟಕವನ್ನು ಓದುವುದು

ಅನಿರೀಕ್ಷಿತ ಫಲಿತಾಂಶ ಬಂತು ಎಂಬ ವಾಕ್ಯವನ್ನು ನಂಬದೆ ಕೋಷ್ಟಕಕ್ಕೆ ಹೋಗಿ. ಹೋಲಿಕೆಯ ಇಂಕು ಅತಿ ಹತ್ತಿರದ ದಾಖಲೆಯದ್ದೇ, ಅಥವಾ ಸರ್ಫ್ಯಾಕ್ಟೆಂಟನ್ನೇ ತೆಗೆದುಹಾಕಿ ದುರ್ಬಲಗೊಳಿಸಿದ ಇಂಕೇ? ಒಂದೇ ಘಟಕ ಬದಲಾಗಿದೆಯೇ? ಡಯಾಲ್ ಶೇ 2ರಿಂದ 8ಕ್ಕೆ ಏರಿದಾಗ ನೀರು ಅಷ್ಟು ಕಡಿಮೆಯಾಗಿ ಸ್ನಿಗ್ಧತೆಯೂ ಏರುತ್ತದೆ. ಅದನ್ನು ಸರಿದೂಗಿಸಲು ಗ್ಲಿಸರಿನ್ ಇಳಿಸಿದ್ದರೆ ಫಲ ಯಾವುದರಿಂದ ಬಂತೆಂದು ಹೇಳಲಾಗದು. ಎರಡು ಸರಣಿ ಬೇಕು, ಒಂದರಲ್ಲಿ ಗ್ಲಿಸರಿನ್ ಸ್ಥಿರ, ಇನ್ನೊಂದರಲ್ಲಿ ಸ್ನಿಗ್ಧತೆ ಸ್ಥಿರ.

ನೀವೇ ಪರೀಕ್ಷಿಸುವುದಾದರೆ ಒಂದೇ ಬ್ಯಾಚಿನ ಪಿಗ್ಮೆಂಟ್ ದ್ರವದಿಂದ ಶೇ 1, 2, 5, 8, 10 ಡಯಾಲ್ ಇರುವ ಐದು ಇಂಕು ಮತ್ತು ಹಳೆಯ ದಾಖಲೆಯ ಇಂಕನ್ನು ತಯಾರಿಸಿ. ಶೇ 1 ಮತ್ತು 10 ಕ್ಲೇಮಿನ ಹೊರಗಿನವು. ಫಲ ಅಲ್ಲಿ ಬೀಳದಿದ್ದರೆ 2 ಮತ್ತು 8ಕ್ಕೆ ವಿಶೇಷ ಅರ್ಥವಿಲ್ಲ. ಪ್ರತಿಯೊಂದರ ಕಣದ ಗಾತ್ರ, ಸ್ನಿಗ್ಧತೆ ಅಳೆದು, ಭದ್ರವಾಗಿ ಮುಚ್ಚಿದ ಬಾಟಲಿಯಲ್ಲಿ 60 ಡಿಗ್ರಿಯಲ್ಲಿ ನಾಲ್ಕು ವಾರ ಇಟ್ಟು ಮತ್ತೆ ಅಳೆಯಿರಿ. ಇಡುವ ಮೊದಲೂ ಆಮೇಲೂ ಬಾಟಲಿ ತೂಗಿ. ಮುಚ್ಚಳದಿಂದ ನೀರು ಆವಿಯಾಗಿದ್ದರೆ ಸ್ನಿಗ್ಧತೆ ಏರಿದ್ದು ಇಂಕಿನ ದೋಷದಿಂದಲ್ಲ. ಪ್ರತಿ ಇಂಕಿಗೂ ಕನಿಷ್ಠ ಮೂರು ಮಾದರಿ ಇರಲಿ.

ಇನ್ನೊಂದು ಕಡೆ ಗಮನ ಬೇಕು. ಅರ್ಜಿಯ ಉದಾಹರಣೆಗಳೆಲ್ಲ ಒಂದೇ ಕಪ್ಪು ಪಿಗ್ಮೆಂಟಿನಲ್ಲಿ, ಒಂದೇ ಪಾಲಿಮರಿನಲ್ಲಿ ಮಾಡಿದವು, ಕ್ಲೇಮು ಮಾತ್ರ ಯಾವುದೇ ಪಿಗ್ಮೆಂಟ್, ಯಾವುದೇ ಪಾಲಿಮರ್ ಎನ್ನುತ್ತದೆ ಎಂದಾದರೆ ಆ ಅಂಕಿಅಂಶ ಕ್ಲೇಮಿನ ಅಗಲವನ್ನು ಹೊರುವುದಿಲ್ಲ. ಇಂಕ್ ಅರ್ಜಿಗಳಲ್ಲಿ ಅತಿ ಸಾಮಾನ್ಯವಾದ ದೌರ್ಬಲ್ಯ ಇದೇ ಎಂಬುದು ನಮ್ಮ ಅಭಿಪ್ರಾಯ. ಯುರೋಪಿನಲ್ಲಿ ಇನ್ನೂ ಒಂದು ತೊಡಕು: ಕಾಗದದಲ್ಲಿ ಬೇಗ ಇಂಗಿಸಲೆಂದೇ ತಜ್ಞರು ಆ ಡಯಾಲಿಗೆ ಹೇಗೂ ಬಂದು ಸೇರುತ್ತಿದ್ದರೆ, ಜೊತೆಗೆ ಸಿಕ್ಕ ಅನಿರೀಕ್ಷಿತ ಸ್ಥಿರತೆಯನ್ನು ಹೆಚ್ಚುವರಿ ಲಾಭವೆಂದು ಬದಿಗಿಡಬಹುದು.

ಭಾರತದ ಸೆಕ್ಷನ್ 3(ಇ) ಕೇಳುವುದೂ ಇಂಥ ಅಂಕಿಅಂಶವನ್ನೇ. ಘಟಕಗಳ ಗುಣಗಳು ಬರೀ ಒಟ್ಟುಗೂಡಿದ ಮಿಶ್ರಣಕ್ಕೆ ಪೇಟೆಂಟ್ ಇಲ್ಲ. ಡಯಾಲ್ ಇಂಗಿಸುವ ಕೆಲಸವನ್ನೂ ಗ್ಲಿಸರಿನ್ ತೇವ ಹಿಡಿಯುವ ಕೆಲಸವನ್ನೂ ತಮ್ಮ ಪಾಡಿಗೆ ಮಾಡುತ್ತಿದ್ದರೆ ಅದು ಒಟ್ಟುಗೂಡಿಕೆ. ಎರಡೂ ಸೇರಿದಾಗ ಬಿಡಿಬಿಡಿಯಾಗಿ ಬಾರದ ಫಲ ಬಂತೆಂದು ತೋರಿಸಲು ಡಯಾಲ್ ಮಾತ್ರ ಇರುವ ಇಂಕು, ಗ್ಲಿಸರಿನ್ ಮಾತ್ರ ಇರುವ ಇಂಕು, ಎರಡೂ ಇರುವ ಇಂಕು ಹೀಗೆ ಮೂರನ್ನೂ ಅಳೆದಿರಬೇಕು.

ಆಕ್ಷೇಪ ಸಲ್ಲಿಸುವ ದಾರಿಗಳಿವೆ. ಭಾರತದಲ್ಲಿ ಪೇಟೆಂಟ್ ಮಂಜೂರಾಗುವ ಮೊದಲು ಯಾರಾದರೂ ಸೆಕ್ಷನ್ 25(1)ರಡಿ ವಿರೋಧ ಸಲ್ಲಿಸಬಹುದು. ಯುರೋಪಿನಲ್ಲಿ 115ನೇ ವಿಧಿಯಡಿ ಮೂರನೆಯವರು ಅಭಿಪ್ರಾಯ ಕೊಡಬಹುದು, ಮಂಜೂರಾದ ಮೇಲೆ ವಿರೋಧಕ್ಕೆ ಒಂಬತ್ತು ತಿಂಗಳ ಅವಕಾಶವಿದೆ. ‘ಇದು ಎಲ್ಲರಿಗೂ ಗೊತ್ತು’ ಎಂಬ ಒಂದು ಪುಟದ ದೂರಿನಿಂದ ಪರೀಕ್ಷಕರಿಗೆ ಉಪಯೋಗವಿಲ್ಲ. ಎಡಬದಿಯಲ್ಲಿ ಕ್ಲೇಮಿನ ಒಂದೊಂದೇ ಅಂಶ, ಬಲಬದಿಯಲ್ಲಿ ಅದು ಯಾವ ದಾಖಲೆಯ ಯಾವ ಪ್ಯಾರಾದಲ್ಲಿ, ಯಾವ ಉದಾಹರಣೆಯಲ್ಲಿ ಇದೆ ಎಂಬುದು, ಕೆಳಗೆ ದ್ರಾವಕ ಬದಲಿಸಲು ಕಾರಣ ಕೊಡುವ ವಾಕ್ಯ ಇರುವ ಪುಟದ ಸಂಖ್ಯೆ, ಮಾಡಿದ್ದರೆ ಮರುತಯಾರಿಯ ಅಳತೆಗಳು: ಇಷ್ಟನ್ನು ಕೊಡಿ.