ಕಂಠಪಾಠದ ಭೂಗೋಳ

ಕ್ರಿ.ಶ. 4ರಿಂದ 6ನೇ ಶತಮಾನದವರೆಗಿನ ರೋಮನ್ ಶಾಲೆಗಳಲ್ಲಿ ಭೂಗೋಳಕ್ಕೆಂದೇ ಬೇರೆ ಪಾಠವಿರಲಿಲ್ಲ. ಅದನ್ನು ಹೇಳಿಕೊಡುತ್ತಿದ್ದವರು ವ್ಯಾಕರಣದ ಮೇಷ್ಟ್ರು. ವರ್ಜಿಲನ ಕಾವ್ಯದಲ್ಲಿ ನದಿಯೋ ಬೆಟ್ಟವೋ ಎದುರಾದರೆ ಅದು ಎಲ್ಲಿದೆ ಎಂದು ತಿಳಿಸಿ ಮುಂದಿನ ಸಾಲಿಗೆ ಹೋಗುವುದು, ಅಷ್ಟೇ. ವಿಬಿಯಸ್ ಸೆಕ್ವೆಸ್ಟರ್ ಮಗನಿಗಾಗಿ ಬರೆದ ಕೈಪಿಡಿ ಈ ಅಗತ್ಯಕ್ಕೇ ಹುಟ್ಟಿದ್ದು: ಕವಿಗಳು ಹೆಸರಿಸಿದ ನದಿ, ಚಿಲುಮೆ, ಸರೋವರ, ಕಾಡು, ಜೌಗು, ಬೆಟ್ಟ, ಜನಾಂಗಗಳ ಅಕಾರಾದಿ ಪಟ್ಟಿ.

ಹಾಗೆಂದು ಗಣಿತದ ಭೂಗೋಳ ಇರಲಿಲ್ಲವೆಂದಲ್ಲ. ಅಲೆಕ್ಸಾಂಡ್ರಿಯದ ಟಾಲೆಮಿ 150ರ ಸುಮಾರಿಗೇ ಹತ್ತಿರಹತ್ತಿರ 8,000 ಸ್ಥಳಗಳ ಅಕ್ಷಾಂಶ, ರೇಖಾಂಶ ಬರೆದಿಟ್ಟಿದ್ದ. ಅದರಲ್ಲಿ ನಮ್ಮ ಬನವಾಸಿಯೂ ಇದೆ. ಅಕ್ಷಾಂಶ ಅಷ್ಟು ಕಷ್ಟವಲ್ಲ, ನಡುಹಗಲಿನ ನೆರಳು ಅಳೆದರೆ ಸಿಗುತ್ತದೆ. ತೊಡಕು ರೇಖಾಂಶದ್ದು. ಒಂದೇ ಗ್ರಹಣವನ್ನು ಎರಡು ಊರಿನವರು ನೋಡಿ, ತಮ್ಮ ತಮ್ಮ ಹೊತ್ತು ಗುರುತಿಸಿಕೊಂಡಿರಬೇಕು. ಕ್ರಿ.ಪೂ. 331ರ ಚಂದ್ರಗ್ರಹಣ ಮೆಸೊಪೊಟೇಮಿಯದ ಅರ್ಬೇಲದಲ್ಲಿ ಐದನೇ ತಾಸಿಗೆ, ಪಶ್ಚಿಮಕ್ಕೆ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಎರಡನೇ ತಾಸಿಗೆ ಕಂಡಿತೆಂಬುದು ಟಾಲೆಮಿ ಕೊಡುವ ಉದಾಹರಣೆ. ತಾಸಿಗೆ 15 ಡಿಗ್ರಿಯಂತೆ ಅಂತರ 45 ಆಗುತ್ತದೆ. ನಿಜವಾದದ್ದು ಸುಮಾರು 34. ಸಾಲದ್ದಕ್ಕೆ ಗ್ರೀಕರು ಅಂಕಿಗಳನ್ನು ಅಕ್ಷರಗಳಲ್ಲೇ ಬರೆಯುತ್ತಿದ್ದರು. ಆಲ್ಫಾ ಅಂದರೆ 1, ಡೆಲ್ಟಾ 4, ಲ್ಯಾಂಬ್ಡಾ 30. ದೊಡ್ಡಕ್ಷರದಲ್ಲಿ ಮೂರೂ ತ್ರಿಕೋನದಂತೆಯೇ ಕಾಣುತ್ತವೆ. ನಕಲುಗಾರನ ಒಂದು ಗೀಟು ತಪ್ಪಿದರೆ ಊರು ಸಮುದ್ರಕ್ಕೆ ಬಿತ್ತು, ತಪ್ಪಾಯಿತೆಂದು ಹೇಳುವವರೂ ಇಲ್ಲ.

ಪದ್ಯಕ್ಕೆ ಈ ಭಯ ಕಡಿಮೆ. ಹೆಸರು ಕೆಟ್ಟರೆ ಛಂದಸ್ಸೂ ಕೆಡುವುದರಿಂದ ಓದುವವನ ಕಿವಿಗೇ ತಪ್ಪು ಗೊತ್ತಾಗುತ್ತದೆ. ಅಮರಕೋಶ ಬಾಯಿಪಾಠ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆಗಳು ನೆಚ್ಚಿಕೊಂಡದ್ದು 2ನೇ ಶತಮಾನದ ಡಯೊನಿಸಿಯಸ್ ಬರೆದ, 1,200ಕ್ಕೆ ತುಸು ಕಡಿಮೆ ಸಾಲುಗಳ ಗ್ರೀಕ್ ಕಾವ್ಯವನ್ನು. ಜನವಸತಿಯ ಜಗತ್ತು ಕವಣೆಯಂತೆ, ಐಬೀರಿಯ ಎತ್ತಿನ ಚರ್ಮದಂತೆ ಎಂದು ಅದು ಆಕಾರಗಳನ್ನು ಕಣ್ಣಿಗೆ ಕಟ್ಟಿಸುತ್ತದೆ. 4ನೇ ಶತಮಾನದಲ್ಲಿ ಅವಿಯೇನಸ್, ಆಮೇಲೆ ಕಾನ್‌ಸ್ಟಾಂಟಿನೋಪಲಿನ ವ್ಯಾಕರಣಕಾರ ಪ್ರಿಸ್ಕಿಯನ್ ಅದನ್ನು ಲ್ಯಾಟಿನ್ನಿಗೆ ತಂದರು. 6ನೇ ಶತಮಾನದ ಕ್ಯಾಸಿಯೊಡೋರಸ್ ತನ್ನ ಮಠದ ಸನ್ಯಾಸಿಗಳಿಗೆ ಡಯೊನಿಸಿಯಸ್, ಟಾಲೆಮಿ ಇಬ್ಬರನ್ನೂ ಸೂಚಿಸಿದ. ಆದರೆ ಲ್ಯಾಟಿನ್ ಪಶ್ಚಿಮದಲ್ಲಿ ಟಾಲೆಮಿಯ ಗ್ರಂಥ ಶತಮಾನಗಳ ಕಾಲ ಬಹುಮಟ್ಟಿಗೆ ಮರೆಯಾಯಿತು.

ಗೋಡೆಯ ಭೂಪಟವೂ ಇತ್ತು. ಗಾಲ್ ಪ್ರಾಂತದ (ಇಂದಿನ ಫ್ರಾನ್ಸ್) ಓತಾನ್ ಊರಿನ ಶಾಲೆಯ ಮೊಗಸಾಲೆಯಲ್ಲಿ ಊರುಗಳ ಹೆಸರು, ಅಂತರ, ನದಿಗಳ ಹುಟ್ಟು, ಕಡಲ ಕೊಲ್ಲಿಗಳನ್ನು ಬರೆಸಲಾಗಿತ್ತು. ಕಿವಿಯಿಂದ ಕಷ್ಟಪಟ್ಟು ಕಲಿಯುವುದನ್ನು ಮಕ್ಕಳು ಕಣ್ಣಿನಿಂದ ಸುಲಭವಾಗಿ ಕಲಿಯುತ್ತಾರೆ ಎಂಬುದು 298ರ ಸುಮಾರಿಗೆ ಅಲ್ಲಿ ಭಾಷಣ ಮಾಡಿದ ಯೂಮೇನಿಯಸನ ವಾದ.

ಆ ಕಾಲದವರು ಭೂಮಿ ಚಪ್ಪಟೆಯೆಂದು ನಂಬಿದ್ದರು ಎಂಬ ಮಾತು ಮಾತ್ರ ಸರಿಯಲ್ಲ. 5ನೇ ಶತಮಾನದ ಮ್ಯಾಕ್ರೋಬಿಯಸ್ ಗೋಳವನ್ನು ಐದು ವಲಯಗಳಾಗಿ ಸೀಳಿ ತೋರಿಸುತ್ತಾನೆ: ಎರಡು ಶೀತ, ನಡುವೆ ಒಂದು ಉಷ್ಣ, ಬದುಕಬಹುದಾದವು ಎರಡು. ಚಪ್ಪಟೆಯೆಂದು ಹಟ ಹಿಡಿದವರಲ್ಲಿ ಹೆಸರಾದವನು 6ನೇ ಶತಮಾನದ ನಡುಭಾಗದ ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಾಸ್. ಅವನ ಭೂಮಿ ಅಗಲದ ಎರಡರಷ್ಟು ಉದ್ದದ ಚೌಕಟ್ಟು, ಮೇಲೆ ಕಮಾನಿನಂಥ ಆಕಾಶ. ವಿಚಿತ್ರವೆಂದರೆ ವ್ಯಾಪಾರದ ಮಾತು ಬಂದಾಗ ಅವನು ಎಡವುವುದು ಕಡಿಮೆ. ಮೆಣಸು ಸಾಗಿಸುವ ಮಲಬಾರ್ ಕರಾವಳಿಯ ಐದು ಬಂದರುಗಳನ್ನು ಹೆಸರಿಸುವಾಗ ಅವನು ಬರೆಯುವ 'ಮಂಗರೂತ್' ನಮ್ಮ ಮಂಗಳೂರೇ. ಹೆಸರಿದೆ, ಸರಕಿದೆ, ಅಕ್ಷಾಂಶ, ರೇಖಾಂಶದ ಗೊಡವೆಯಿಲ್ಲ.