ಗ್ಲಾಕೋಮಾಗೆ ಲೇಸರ್: ನಲವತ್ತು ವರ್ಷ ಕಾದ ಸರದಿ

ಗ್ಲಾಕೋಮಾ ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಪ್ರೆಶರ್ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ. ಅದು ಅಂತ ಗೊತ್ತಾದರೆ ಚೀಟಿಯಲ್ಲಿ ಮೊದಲು ಬೀಳುವುದು ಡ್ರಾಪ್ಸ್ ಹೆಸರು. ಈಗೀಗ ಕೆಲವು ಡಾಕ್ಟರು 'ಮೊದಲು ಲೇಸರ್ ಮಾಡೋಣ' ಅನ್ನುತ್ತಾರೆ. ಇನ್ನು ಕೆಲವರು 'ಅದೆಲ್ಲ ಆಮೇಲೆ' ಅನ್ನುತ್ತಾರೆ. ಯಾರನ್ನು ನಂಬೋದು?

1857ರಲ್ಲಿ ಜರ್ಮನಿಯ ಕಣ್ಣಿನ ಡಾಕ್ಟರ್ ಫಾನ್ ಗ್ರೇಫ ಗ್ಲಾಕೋಮಾಗೆ ಮಾಡಿದ ಆಪರೇಷನ್‌ನಿಂದ 1978ರಲ್ಲಿ ಅಮೆರಿಕದ ಅಂಗಡಿಗೆ ಟಿಮೊಲಾಲ್ ಡ್ರಾಪ್ಸ್ ಬರುವ ತನಕ ಸುಮಾರು 120 ವರ್ಷ ಕಳೆದವು. ಅದರ ಮರುವರ್ಷವೇ ಅಮೆರಿಕದ ಒಕ್ಲಹೋಮಾದ ವೈಸ್ ಮತ್ತು ವಿಟರ್ ಎಂಬ ಸಂಶೋಧಕರು ಆರ್ಗಾನ್ ಲೇಸರ್ ಫಲಿತಾಂಶ ಪ್ರಕಟಿಸಿದರು. ಕಣ್ಣಿನೊಳಗಿನ ನೀರು ಹೊರಗೆ ಹೋಗುವ ಜಾಗದಲ್ಲಿ ಜರಡಿಯಂಥ ಒಂದು ಪದರ ಇರುತ್ತದೆ. ಹಿಂದಿನವರು ಅದಕ್ಕೆ ತೂತು ಹೊಡೆಯಲು ಹೋಗಿದ್ದರು, ತೂತು ಮುಚ್ಚಿಕೊಳ್ಳುತ್ತಿತ್ತು. ಇವರು ಸಣ್ಣ ಸಣ್ಣ ಚುಕ್ಕೆಯಾಗಿ ಸುಟ್ಟರು. ಪ್ರೆಶರ್ ಇಳಿಯಿತು.

ಮುಂದೆ ಅಮೆರಿಕದಲ್ಲಿ 271 ರೋಗಿಗಳ ಮೇಲೆ ನಡೆದ ಪರೀಕ್ಷೆ ಸ್ವಾರಸ್ಯದ್ದು. ಒಬ್ಬರದೇ ಒಂದು ಕಣ್ಣಿಗೆ ಲೇಸರ್, ಇನ್ನೊಂದಕ್ಕೆ ಟಿಮೊಲಾಲ್! 1990ರಲ್ಲಿ ಬಂದ ಫಲಿತಾಂಶದಲ್ಲಿ ಲೇಸರ್ ಕಣ್ಣೇ ಸ್ವಲ್ಪ ಮುಂದಿತ್ತು. ಆದರೆ ಒಂದು ಕಣ್ಣಿಗೆ ಹಾಕಿದ ಟಿಮೊಲಾಲ್ ರಕ್ತಕ್ಕೆ ಸೇರಿ ಇನ್ನೊಂದು ಕಣ್ಣಿನ ಪ್ರೆಶರನ್ನೂ ಒಂದಿಷ್ಟು ಇಳಿಸುತ್ತದೆ, ಅಂದಮೇಲೆ ಈ ಹೋಲಿಕೆ ಸರಿಯಾ ಅಂತ ತಕರಾರು ಎದ್ದಿತು. ಸುಟ್ಟ ಜಾಗ ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ, ಮತ್ತೆ ಮತ್ತೆ ಮಾಡೋಕಾಗಲ್ಲ ಅನ್ನುವುದೂ ನಿಜವೇ. 1996ರಲ್ಲಿ ರಾತ್ರಿ ಒಂದೇ ಹನಿ ಸಾಕಾಗುವ ಲ್ಯಾಟನೊಪ್ರೋಸ್ಟ್ ಬಂದಮೇಲೆ ಲೇಸರ್ ಇನ್ನೂ ಹಿಂದೆ ಸರಿಯಿತು. ಜೀವನಪೂರ್ತಿ ಬಾಟಲಿ ಕೊಳ್ಳುವ ಖರ್ಚು, ಹಾಕಲು ಮರೆತ ರಾತ್ರಿಗಳು ಯಾರ ಲೆಕ್ಕಕ್ಕೂ ಬಂದ ಹಾಗೆ ಕಾಣೋದಿಲ್ಲ.

1995ರಲ್ಲಿ ಲಟೀನಾ ಮತ್ತು ಪಾರ್ಕ್ ಎಂಬ ಸಂಶೋಧಕರು ತೋರಿಸಿದ ದಾರಿ ಬೇರೆ. ಬೆಳಕು ಬೀಳುವುದು 3 ನ್ಯಾನೊಸೆಕೆಂಡ್ ಮಾತ್ರ. ಬಣ್ಣವಿರುವ ಜೀವಕೋಶಕ್ಕಷ್ಟೇ ಏಟು, ಸುತ್ತಲಿನದು ಸುಡುವುದಿಲ್ಲ. ಇದೇ ಎಸ್‌ಎಲ್‌ಟಿ (ಸೆಲೆಕ್ಟಿವ್ ಲೇಸರ್ ಟ್ರಾಬೆಕ್ಯುಲೊಪ್ಲಾಸ್ಟಿ). ಕಣ್ಣು ಮರಗಟ್ಟಿಸುವ ಹನಿ ಹಾಕಿ, ಗದ್ದ ಊರಿಸಿ, ಕಣ್ಣಿನ ಮೇಲೆ ಲೆನ್ಸ್ ಇಟ್ಟು ಸುತ್ತಲೂ ನೂರರಷ್ಟು ಚುಕ್ಕೆ. ಕೆಲವೇ ನಿಮಿಷದ ಕೆಲಸ.

2019ರಲ್ಲಿ ಬ್ರಿಟನ್ನಿನ 718 ರೋಗಿಗಳ ಅಧ್ಯಯನ ಬಂತು. ಮೊದಲು ಲೇಸರ್ ಮಾಡಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಮೂರು ವರ್ಷದ ಕೊನೆಗೂ ಡ್ರಾಪ್ಸ್ ಬೇಕಾಗಿರಲಿಲ್ಲ. 2022ರಲ್ಲಿ ಅಲ್ಲಿನ ಸರ್ಕಾರಿ ಮಾರ್ಗಸೂಚಿಯೇ 'ಮೊದಲು ಲೇಸರ್' ಎಂದಿತು.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. ನೀರು ಹೋಗುವ ಕೋನವೇ ಮುಚ್ಚಿಕೊಳ್ಳುವ ಗ್ಲಾಕೋಮಾ ಏಷ್ಯಾದಲ್ಲಿ ಜಾಸ್ತಿ. ಅದಕ್ಕೆ ಯಾಗ್ ಲೇಸರ್‌ನಿಂದ ಪಾಪೆಯ ಸುತ್ತಲಿನ ಬಣ್ಣದ ಪದರಕ್ಕೆ ತೂತು ಮಾಡುತ್ತಾರೆ. ಅದು ಎಸ್‌ಎಲ್‌ಟಿ ಅಲ್ಲ. ಎಸ್‌ಎಲ್‌ಟಿಯೂ ಶಾಶ್ವತವಲ್ಲ, ವರ್ಷಗಳು ಕಳೆದಂತೆ ಪರಿಣಾಮ ಇಳಿಯುತ್ತದೆ. ಬೇಕಾದರೆ ಮತ್ತೆ ಮಾಡಿಸಬಹುದು, ಆದರೆ ಪ್ರೆಶರ್ ಚೆಕಪ್ ತಪ್ಪಿಸುವಂತಿಲ್ಲ.